ಹಿತ್ತಿಲಲ್ಲಿ ಎರಡು ತಳಿ

ಮೊದಲ ಪುಟ

ಅಂಗಡಿ ಇದ್ದಾಗಿನ ಅಭ್ಯಾಸ: ಹೊಸ ಪುಸ್ತಕ ತೆರೆದರೆ ಮೊದಲ ಪುಟ ಖಾಲಿ ಬಿಡುವುದು, ವ್ಯವಹಾರ ಮುಗಿದ ಮೇಲೆ ಒಟ್ಟು ಖರ್ಚನ್ನು ಅಲ್ಲಿ ಬರೆಯುವುದು. ಇದು ದಿನಚರಿ, ಆದರೂ ಕೈ ಕೇಳಬೇಕಲ್ಲ. ಬಿಟ್ಟಿದ್ದೆ. ಇವತ್ತು, ಆಗಸ್ಟ್ ೯ರಂದು, ತುಂಬಿಸುತ್ತಿದ್ದೇನೆ.

ಮನೆಯ ಹಿತ್ತಿಲಲ್ಲಿ ಮಾಂಸಕ್ಕಾಗಿ ಮೊಲ ಸಾಕಲು ಹೋಗಿ ಖರ್ಚಾದದ್ದು: ತಂತಿ ಜಾಲರಿ ಎರಡು ಸುರುಳಿ. ದೈತ್ಯ ತಳಿಯ ಮೊಲ ಮೂರು. ಗುಳಿಗೆ ಮೇವು, ಎಷ್ಟು ಚೀಲವೋ, ಲೆಕ್ಕ ಹಿಡಿಯುವುದನ್ನು ಅರ್ಧಕ್ಕೇ ಬಿಟ್ಟೆ. ಹೆಂಡತಿ ಬಟ್ಟೆ ಒಣಗಿಸುತ್ತಿದ್ದ ಜಾಗ. ನನ್ನ ಅಂಗಡಿಯ ಬೋರ್ಡು. ಸೀಸ, ಒಂದು ಗೋಲಿಯಷ್ಟು.

ಇಷ್ಟರಲ್ಲಿ ದುಬಾರಿ ಬಿದ್ದದ್ದು ಆ ಸೀಸ.

ಫೆಬ್ರವರಿ ೩

ಮಗಳು ಅಳಿಯ ಬಂದು ಮಹಡಿಯ ಕೋಣೆ ಹಿಡಿದು ಎರಡು ತಿಂಗಳಾಯಿತು. ಅಳಿಯ ಕೆಲಸಕ್ಕಿದ್ದ ಬಿಸ್ಕತ್ತು ಕಾರ್ಖಾನೆ ಮುಚ್ಚಿತಂತೆ. ‘ಸ್ವಲ್ಪ ದಿನ ಅಪ್ಪ’ ಅಂದಿದ್ದಳು. ಐದು ಗ್ರಾಮಿನಿಂದ ಹಿಡಿದು ಐವತ್ತು ಕಿಲೋದವರೆಗೆ ತೂಕದ ಬಟ್ಟು ಮಾರಿದವನು ನಾನು. ಸ್ವಲ್ಪ ಅನ್ನುವುದಕ್ಕೆ ಬಟ್ಟು ನೋಡಿಲ್ಲ.

ಅಳಿಯ ಮಹಾರಾಯ ಬೆಳಿಗ್ಗೆ ಎದ್ದು ಮೆಟ್ಟಿಲು ಗುಡಿಸುತ್ತಾನೆ. ನೀರು ತುಂಬುತ್ತಾನೆ. ಮಾತಿಲ್ಲ ಕತೆಯಿಲ್ಲ. ಎದುರಿಗೆ ‘ನೀವು, ತಾವು’ ಅನ್ನುತ್ತೇನೆ, ಅಳಿಯ ಅಂದಮೇಲೆ ಅನ್ನಲೇಬೇಕು. ಈ ಪುಸ್ತಕದಲ್ಲಿ ಅವನಿಗೆ ಬಹುವಚನ ಕೊಡುವ ದರ್ದು ನನಗಿಲ್ಲ.

ನಾನು ಅವನ ವಯಸ್ಸಿನಲ್ಲಿ ಒಂದು ಅರ, ಒಂದು ಇಕ್ಕಳ ಚೀಲದಲ್ಲಿ ಹಾಕಿಕೊಂಡು ಅಂಗಡಿ ಅಂಗಡಿ ಅಲೆದು ತಕ್ಕಡಿ ರಿಪೇರಿ ಮಾಡುತ್ತಿದ್ದೆ. ಬಾಯೇ ಬಂಡವಾಳ. ಆಮೇಲೆ ಸ್ವಂತ ಅಂಗಡಿ, ಬಾಗಿಲ ಮೇಲೆ ‘ನಂಬಿಕೆಯ ತೂಕ’ ಅಂತ ಹಲಗೆಯ ಬೋರ್ಡು. ಬ್ಯಾಟರಿ ತಕ್ಕಡಿಗಳು ಬಂದವು, ಹೋದ ವರ್ಷ ಬಾಗಿಲು ಹಾಕಿದೆ. ಬೋರ್ಡು ಅಟ್ಟದ ಮೇಲಿದೆ.

ಸುಮ್ಮನೆ ಕೂತರೆ ನನಗೆ ಮೈ ತುಕ್ಕು ಹಿಡಿಯುತ್ತದೆ. ಹಿತ್ತಿಲು ಖಾಲಿ ಬಿದ್ದಿದೆ. ಮೂಲೆಯ ಮಾಂಸದಂಗಡಿಯವನು ಹೇಳುವ ದರಕ್ಕೆ ಮಾಂಸ ತಿನ್ನುವುದಕ್ಕಿಂತ ನೋಟನ್ನೇ ಹುರಿದು ತಿನ್ನಬಹುದು. ಮೊಲ ಸಾಕುವುದೆಂದು ತೀರ್ಮಾನಿಸಿದೆ. ಮನೆಗೂ ಆಯಿತು, ಮಿಕ್ಕಿದ್ದು ಮಾರಾಟಕ್ಕೂ ಆಯಿತು. ಅಳಿಯನಿಗೆ ಗುಡಿಸಲು ಇನ್ನೊಂದಿಷ್ಟು ಜಾಗವೂ ಆಯಿತು.

ಫೆಬ್ರವರಿ ೧೧

ಬಸ್ಸಿನ ಕೊನೆಯ ನಿಲ್ದಾಣದಾಚೆ ಒಬ್ಬ ಹೆಂಗಸು ಮೊಲ ಸಾಕಿ ಮಾರುತ್ತಾಳೆ. ಎಲ್ಲರೂ ಮೊಲದಕ್ಕ ಅನ್ನುತ್ತಾರೆ. ಅಳಿಯನನ್ನೂ ಕರೆದುಕೊಂಡು ಹೋದೆ, ಚೀಲ ಹಿಡಿಯಲು ಆಗುತ್ತದೆಂದು.

ಅಲ್ಲಿ ಎರಡು ಬಗೆ. ಒಂದು, ಕೆಂಪು ಕಣ್ಣಿನ ಬಿಳಿ ತಳಿ, ಮಧ್ಯಮ ಗಾತ್ರ. ಇನ್ನೊಂದು ಬೂದು ಬಣ್ಣದ ದೈತ್ಯ ತಳಿ. ಕಿವಿ ನನ್ನ ಅಂಗೈಗಿಂತ ಉದ್ದ, ಕೂತರೆ ಸಣ್ಣ ನಾಯಿ ಕೂತ ಹಾಗೆ. ನನ್ನ ಜೇಬಿನ ಕೊಕ್ಕೆ ತಕ್ಕಡಿ ತೆಗೆದು, ದೈತ್ಯವನ್ನು ಬಟ್ಟೆಯ ಚೀಲಕ್ಕೆ ಇಳಿಸಿ ಎತ್ತಿ ಹಿಡಿದೆ. ಆರು ಕಿಲೋ ದಾಟಿತು. ಬಿಳಿಯದು ನಾಲ್ಕರ ಹತ್ತಿರ ನಿಂತಿತು.

“ದೊಡ್ಡದು ನೋಡೋಕೆ ಚೆಂದ ಯಜಮಾನ್ರೇ. ಮನೆಯಲ್ಲಿ ತಿನ್ನೋಕೆ ಅಂದ್ರೆ ಬಿಳಿಯದೇ ತಗೊಳ್ಳಿ” ಅಂದಳು ಮೊಲದಕ್ಕ. “ದೈತ್ಯ ತಿನ್ನೋ ಮೇವೆಲ್ಲ ಮೊದಲು ಮೂಳೆಗೆ ಹೋಗುತ್ತೆ. ಬೆಳೆಯೋದೂ ನಿಧಾನ. ತಂತಿ ಮೇಲೆ ಕೂರಿಸಿದ್ರೆ ಭಾರಕ್ಕೆ ಕಾಲು ಬೇರೆ ಹುಣ್ಣಾಗುತ್ತೆ.”

“ಮುಳ್ಳು ಸುಳ್ಳು ಹೇಳಲ್ಲಮ್ಮ” ಅಂದೆ, ತಕ್ಕಡಿ ತೋರಿಸಿ.

“ಹೇಳಲ್ಲ. ಮೂಳೆ ಎಷ್ಟು, ಮಾಂಸ ಎಷ್ಟು ಅಂತಾನೂ ಹೇಳಲ್ಲ.”

ಬಾಯಾಳಿ. ನನ್ನ ಅಂಗಡಿಯಲ್ಲಿ ಕೆಲಸಕ್ಕಿದ್ದಿದ್ದರೆ ಇಬ್ಬರ ವ್ಯಾಪಾರ ಒಬ್ಬಳೇ ಮಾಡುತ್ತಿದ್ದಳು. ದೈತ್ಯ ತಳಿಯಲ್ಲಿ ಒಂದು ಗಂಡು ಎರಡು ಹೆಣ್ಣು ಆರಿಸಿದೆ. ಆಗ ಮಹಾರಾಯ ಬಾಯಿ ಬಿಟ್ಟ. “ಮಾವ, ಬಿಳಿಯದು ಒಂದು ಜೊತೆ ನಾನು ತಗೊಳ್ತೀನಿ. ನನ್ನ ದುಡ್ಡಲ್ಲೇ.” ಕಾರ್ಖಾನೆಯವರು ಕೊನೆಗೆ ಕೊಟ್ಟ ಲಕೋಟೆಯನ್ನು ಹೊರತೆಗೆದ. ಇನ್ನೂ ಅದರ ಮಡಿಕೆ ಬಿಚ್ಚಿರಲಿಲ್ಲ.

ಅದು ನನಗೆ ನಾಟಿತು. ನಾನು ತೂಗಿ ಹೇಳಿದ ಮೇಲೆ ಇನ್ನೊಂದು ಮಾತೇ? ಬಸ್ಸಿನಲ್ಲಿ ಪಂದ್ಯ ಕಟ್ಟಿದೆ. ಮರಿ ಮೂರು ತಿಂಗಳ ಹತ್ತಿರ ಬಂದಾಗ ಎರಡೂ ಕಡೆಯಿಂದ ಒಂದೊಂದು ಕೊಯ್ಯುವುದು. ಮೂಳೆ ಬಿಡಿಸಿ ಬರೀ ಮಾಂಸ ತೂಗುವುದು. ಬಿಳಿಯದು ಗೆದ್ದರೆ ಹಿತ್ತಿಲು ಅವನದು, ಅವನ ಉದ್ಯೋಗ, ನಾನು ಬಾಯಿ ಹಾಕುವುದಿಲ್ಲ. ನನ್ನದು ಗೆದ್ದರೆ ನಾನು ಮಾತಾಡಿಟ್ಟಿರುವ ಗೋದಾಮಿನ ಗುಮಾಸ್ತಗಿರಿಗೆ ತೆಪ್ಪಗೆ ಹೋಗಬೇಕು.

“ಆಯ್ತು ಮಾವ” ಅಂದ. ಚೀಲದ ಬಾಯಿ ಸಡಿಲಿಸಿ ಮೊಲಕ್ಕೆ ಗಾಳಿ ಬಿಡುತ್ತ ಕೂತ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡನೋ ಇಲ್ಲವೋ.

ಮಾರ್ಚ್ ೨

ಗೂಡು ಎದ್ದವು. ಜಾಲರಿ ಕತ್ತರಿಸಿ ಕೈ ಕೊಯ್ದುಕೊಂಡೆ. ಹೆಂಡತಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹಿತ್ತಿಲ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. “ನಿಮ್ಮ ಮೊಲಕ್ಕೆ ಬಿಸಿಲು ಬೇಕು. ನಮ್ಮ ಸೀರೆಗೆ ಬೇಡ” ಅಂದು ಒಳಗೆ ಹೋದಳು.

ಮಾರ್ಚ್ ೧೬

ಗಂಡು ದೈತ್ಯವನ್ನು ಹೆಣ್ಣಿನ ಗೂಡಿಗೆ ಬಿಟ್ಟೆ. ಹೆಣ್ಣು ಅದರ ಮೇಲೆ ಎರಗಿ ಮೂಗು ಕಚ್ಚಿ, ತುಪ್ಪಳ ಕಿತ್ತು ಮೂಲೆಗೆ ಒತ್ತಿತು. ಆರು ಕಿಲೋದ ಗಂಡಸು ನಡುಗುತ್ತ ಕೂತಿದ್ದ. ಅಳಿಯ ಓಡಿಬಂದು ಎತ್ತಿಕೊಂಡ.

“ಹಾಗಲ್ಲ ಮಾವ. ಹೆಣ್ಣನ್ನ ಗಂಡಿನ ಗೂಡಿಗೆ ಒಯ್ಯಬೇಕಂತೆ. ತನ್ನ ಗೂಡಲ್ಲಿ ಇದ್ರೆ ಅದು ಯಾರನ್ನೂ ಸೇರಿಸಲ್ಲ. ಮೊಲದಕ್ಕ ಹೇಳಿದ್ರಲ್ಲ.”

ಹೇಳಿರಬೇಕು. ನಾನಾಗ ತೂಗುತ್ತಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಮಾತು ಬಂತು. “ನೋಡಿ, ಮೊಲಕ್ಕೂ ಗೊತ್ತು, ಗಂಡಾದವನು ಹೆಣ್ಣಿನ ಮನೇಲಿ ಹೋಗಿ ಕೂರಬಾರದು ಅಂತ” ಅಂದೆ. ಒಳ್ಳೆಯ ಮಾತು, ಅಂಗಡಿಯಲ್ಲಾಗಿದ್ದರೆ ಗಿರಾಕಿ ಹೊಟ್ಟೆ ಹಿಡಿದು ನಗುತ್ತಿದ್ದ. ಇಲ್ಲಿ ಯಾರೂ ನಗಲಿಲ್ಲ. ಮಗಳ ಕೈಯ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಅಳಿಯ ತಟ್ಟೆಯಲ್ಲಿದ್ದುದನ್ನು ಕೊನೆಯ ಅಗುಳಿನವರೆಗೆ ತಿಂದು, ತಟ್ಟೆ ತೊಳೆದಿಟ್ಟು, ಮೇಲೆ ಹೋದ.

ಮಾರ್ಚ್ ೧೭

ಹೆಣ್ಣುಗಳನ್ನು ಗಂಡಿನ ಗೂಡಿಗೆ ಒಯ್ದೆವು. ಕೆಲಸ ಆಯಿತು.

ಏಪ್ರಿಲ್ ೧೯

ಮರಿಗಳು ಬಂದವು. ಬಿಳಿ ತಾಯಿ ಎದೆಯ ತುಪ್ಪಳ ಕಿತ್ತು ಪೆಟ್ಟಿಗೆಯಲ್ಲಿ ಹಾಸಿಗೆ ಮಾಡಿ, ಏಳು ಮರಿ ಹಾಕಿ, ಮೇಲೆ ಹೊದೆಸಿ, ಏನೂ ಆಗಿಲ್ಲವೆಂಬಂತೆ ಹುಲ್ಲು ತಿನ್ನುತ್ತಿದೆ. ನನ್ನ ದೈತ್ಯಗಳಲ್ಲಿ ಒಂದಕ್ಕೆ ಆರು ಮರಿ. ಇನ್ನೊಂದು ಪೆಟ್ಟಿಗೆಯ ಹೊರಗೆ, ಬರೀ ತಂತಿಯ ಮೇಲೆ ಹಾಕಿ, ಅವುಗಳ ಮೇಲೇ ಕೂತುಬಿಟ್ಟಿತ್ತಂತೆ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಆ ಗೂಡು ಖಾಲಿ, ತೊಳೆದು ಒಣಗಿತ್ತು. ಅಳಿಯ ಸತ್ತ ಮರಿಗಳನ್ನು ಪೇಪರಿನಲ್ಲಿ ಸುತ್ತಿ ಒಯ್ದು ಹೂತು ಬಂದಿದ್ದ. ನನಗೆ ತೋರಿಸಲಿಲ್ಲ.

ತೋರಿಸಬೇಕಿತ್ತು. ಎಷ್ಟು ಅಂತ ಬರೆದುಕೊಳ್ಳುತ್ತಿದ್ದೆ.

ಮೇ ೮

ಗಂಡು ದೈತ್ಯನ ಹಿಂಗಾಲುಗಳ ಅಡಿ ಹುಣ್ಣಾಗಿದೆ. ತಂತಿ ಕೊರೆದು ರಕ್ತ. ಹೋದ ವಾರ ಅಳಿಯ ಕೇಳಿದ್ದ: “ಅಟ್ಟದ ಮೇಲೆ ಒಂದು ಹಲಗೆ ಇದೆಯಲ್ಲ ಮಾವ, ಕತ್ತರಿಸಿ ಹಾಸೋಣವಾ?” ಯಾವ ಹಲಗೆ ಅಂತ ಗೊತ್ತಾಗಿ ಮೈಯೆಲ್ಲ ಉರಿದಿತ್ತು. “ಅದು ಹಲಗೆಯಲ್ಲ” ಅಂದಿದ್ದೆ.

ಇವತ್ತು ಗಂಡು ಮೊಲ ನಿಲ್ಲಲಾರದೆ ಒಂದು ಕಾಲು ಎತ್ತಿ ನನ್ನನ್ನೇ ನೋಡಿತು. ನಾನೇ ಏಣಿ ಹತ್ತಿ ಬೋರ್ಡು ಇಳಿಸಿದೆ. ಗರಗಸವೂ ನನ್ನದೇ. ಅಳಿಯ ಒಂದು ತುದಿ ಒತ್ತಿ ಹಿಡಿದ. ‘ತೂಕ’ ಹೆಣ್ಣುಗಳ ಗೂಡಿಗೆ ಹೋಯಿತು. ಗಂಡು ದೈತ್ಯ ಈಗ ‘ನಂಬಿಕೆ’ಯ ಮೇಲೆ ಕೂತು ಉಚ್ಚೆ ಹೊಯ್ಯುತ್ತದೆ. ಮರ ಮರವೇ. ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು.

ಜೂನ್ ೧೨

ಬೆಳಿಗ್ಗೆ ರೈಲು ಹಳಿಯ ಬೇಲಿಯುದ್ದಕ್ಕೂ ಹುಲ್ಲು ಕೊಯ್ಯಲು ಇಬ್ಬರೂ ಹೋಗುವುದು ರೂಢಿಯಾಗಿದೆ. ನಾನು ಮಾತಾಡುತ್ತೇನೆ, ಅಳಿಯ ಕುಡುಗೋಲು ಆಡಿಸುತ್ತಾನೆ. ಇವತ್ತು ಕಾರ್ಖಾನೆಯ ವಿಷಯ ತಾನಾಗಿ ಬಂತು.

“ಒಲೆಯಿಂದ ಓಡೋ ಪಟ್ಟಿ ಮೇಲೆ ಬಿಸ್ಕತ್ತು ಬರುತ್ತಲ್ಲ ಮಾವ, ಬೆಂದಿದೆಯೋ ಇಲ್ಲವೋ ಅಂತ ಸದ್ದಲ್ಲೇ ಗೊತ್ತಾಗ್ತಿತ್ತು. ಬೆಂದಿದ್ರೆ ಒಣ ಎಲೆ ಉದುರಿದ ಹಾಗೆ. ಬೇಯದಿದ್ರೆ ಸದ್ದೇ ಇಲ್ಲ.”

“ಮತ್ತೆ ಅಷ್ಟು ಕಿವಿ ಇದ್ದೂ ಕಾರ್ಖಾನೆ ಮುಳುಗೋದು ಕೇಳಿಸಲಿಲ್ಲವಾ?”

“ಕೇಳಿಸ್ತು. ಎಲ್ಲರಿಗಿಂತ ಮೊದಲೇ ಕೇಳಿಸ್ತು. ಹೇಳೋಕೆ ಧೈರ್ಯ ಬರಲಿಲ್ಲ” ಅಂದರು. ಆಮೇಲೆ ನಕ್ಕರು. ಮೊದಲ ಸಲ ನಗು ನೋಡಿದ್ದು. ಮುಂದಿನ ಹಲ್ಲಿನ ತುದಿ ಮುರಿದಿದೆ, ಇಷ್ಟು ದಿನ ಗೊತ್ತೇ ಇರಲಿಲ್ಲ. ಅವರ ಹೊರೆ ದೊಡ್ಡದಾಗಿತ್ತು, ನನ್ನದು ಸಣ್ಣದು. ದಾರಿಯಲ್ಲಿ ಯಾವಾಗಲೋ ನನ್ನದನ್ನೂ ತಮ್ಮ ತಲೆಗೇ ಏರಿಸಿಕೊಂಡಿದ್ದರು.

ಬಿಳಿ ಮರಿಗಳು ದುಂಡಗೆ ತುಂಬಿಕೊಂಡಿವೆ. ನನ್ನವು ಉದ್ದವಾಗಿವೆ. ಕಾಲು, ಕಿವಿ, ಬೆನ್ನುಮೂಳೆ. ಮೇವು ಮಾತ್ರ ಬಿಳಿಯವಕ್ಕೆ ಒಂದಾದರೆ ಇವಕ್ಕೆ ಒಂದೂವರೆ. ತುಂಬಿಕೊಳ್ಳುತ್ತವೆ, ಇನ್ನೂ ಒಂದು ತಿಂಗಳಿದೆ.

ಜುಲೈ ೪

ಹೆಂಡತಿ ಮಧ್ಯಾಹ್ನ ಎದುರಿಗೆ ಬಂದು ಕೂತಳು. ಅವಳು ಹಾಗೆ ಕೂರುವುದು ವರ್ಷಕ್ಕೊಮ್ಮೆ.

“ರೀ, ಆ ಹಿತ್ತಿಲು ಅಳಿಯಂದಿರಿಗೆ ಬಿಟ್ಟುಕೊಡಿ.”

“ಪಂದ್ಯ ಮುಗೀಲಿ.”

“ಪಂದ್ಯ ಮನೆ ಹಾಳಾಗಲಿ. ಮಗಳು ಏನಂದ್ಲು ಗೊತ್ತಾ? ಹಿತ್ತಿಲಲ್ಲಿ ಅವರದ್ದೂ ಅಂತ ಒಂದು ಕೆಲಸ ಆದ್ರೆ ಇಲ್ಲೇ ಇರ್ತೀವಿ, ಇಲ್ಲಾಂದ್ರೆ ಹೋಗ್ತೀವಿ ಅಂದ್ಲು. ಇನ್ನೊಬ್ಬರ ಗೋದಾಮಿನಲ್ಲಿ ನಿಮ್ಮ ಹೆಸರು ಹೇಳ್ಕೊಂಡು ಕೂರೋಕೆ ಅವರಿಗೆ ಆಗಲ್ವಂತೆ.”

“ಎಲ್ಲಿಗೆ ಹೋಗ್ತಾರೆ?”

“ನೀವು ಗೆದ್ದು ಏನ್ ಮಾಡ್ತೀರಿ, ಅದನ್ನ ಹೇಳಿ ಮೊದಲು.”

ಮೇವಿನ ಹೊತ್ತಾಯಿತೆಂದು ಎದ್ದು ಹಿತ್ತಿಲಿಗೆ ಹೋದೆ. ನನಗೆ ಹೀಗಾಗುವುದು ಅಪರೂಪ. ಉತ್ತರ ಸಂಜೆಗೆ ಹೊಳೆಯಿತು: ನಲವತ್ತು ವರ್ಷ ಊರಿಗೆಲ್ಲ ತೂಕ ಹೇಳಿದವನು ತನ್ನ ಹಿತ್ತಿಲಲ್ಲೇ ತೂಕ ತಪ್ಪಿದ ಅನ್ನಿಸಿಕೊಳ್ಳಬೇಕೇ? ಹೇಳೋಣವೆಂದು ಹೋದೆ. ಅವಳು ಮಲಗಿದ್ದಳು.

ಜುಲೈ ೧೧

ನಾಡಿದ್ದು ತೂಕ. ಹಳೆಯ ಹಿತ್ತಾಳೆ ತಕ್ಕಡಿ ಇಳಿಸಿ ಉಜ್ಜಿದೆ. ಬಟ್ಟುಗಳ ಪೆಟ್ಟಿಗೆಯನ್ನೂ ತೆಗೆದೆ. ಒಂದೊಂದಕ್ಕೂ ಮಖಮಲ್ಲಿನಲ್ಲಿ ಅದರದೇ ಕುಳಿ. ಅರ್ಧ ಕಿಲೋದ್ದು ಮಾತ್ರ ಜೋಡಿ.

ಮಗಳು ಸಣ್ಣವಳಿದ್ದಾಗ ಅವಳನ್ನು ಅಂಗಡಿಯ ಕಟ್ಟೆ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಕೈಗೆ ಬಟ್ಟು ಕೊಡುತ್ತಿದ್ದೆ. ಸವೆದದ್ದು ಯಾವುದು, ಸರಿಯಾದದ್ದು ಯಾವುದು, ಅಂಗೈಯಲ್ಲೇ ಹೇಳುತ್ತಿದ್ದಳು. ಗಿರಾಕಿಗಳು ಬೆರಗಾಗುತ್ತಿದ್ದರು. ಬಟ್ಟಿನ ತಳದಲ್ಲಿ ತೂಕ ಸರಿಹೊಂದಿಸಲು ಒಂದು ತೂತಿರುತ್ತದೆ, ಅದರಲ್ಲಿ ಸೀಸ ತುಂಬಿರುತ್ತಾರೆ. ಕಳ್ಳ ವ್ಯಾಪಾರಿ ಆ ಸೀಸ ಕೆರೆದು ತೆಗೆಯುತ್ತಾನೆ. ಬಟ್ಟು ಹಗುರವಾದರೆ ಕಡಿಮೆ ಸರಕೂ ಸರಿತೂಗುತ್ತದೆ. ಅಂಥವರನ್ನು ಎಷ್ಟು ಜನರನ್ನು ಹಿಡಿದುಕೊಟ್ಟಿದ್ದೇನೋ.

ಜೋಡಿಯಲ್ಲಿ ಒಂದರ ಸೀಸ ಸಡಿಲವಾಗಿತ್ತು. ಅಷ್ಟೇನೂ ಸಡಿಲವಲ್ಲ. ಉಳಿ ಇಟ್ಟು ಎರಡು ಸಲ ಬಡಿದ ಮೇಲೆ ಬಂತು. ಸಡಿಲವಾದದ್ದನ್ನು ತೆಗೆಯುವುದು ಹಳೆಯ ಅಭ್ಯಾಸ. ಮೇಲೆ ಮೇಣ ಮೆತ್ತಿದೆ.

ಜುಲೈ ೧೩

ಮಾಂಸದಂಗಡಿಯವನು ಹಿತ್ತಿಲಿಗೇ ಬಂದು ಎರಡೂ ಕಡೆಯ ಒಂದೊಂದು ಮರಿ ಕೊಯ್ದು, ಚರ್ಮ ಸುಲಿದು, ಮೂಳೆ ಬಿಡಿಸಿಕೊಟ್ಟ. ಕೂಲಿ ಬೇಡವಂತೆ, ಚರ್ಮ ಸಾಕಂತೆ. “ಕಟುಕನ ತಕ್ಕಡೀಲಿ ತೂಗಬೇಡಿ ಯಜಮಾನ್ರೇ, ನಿಮ್ಮದರಲ್ಲೇ ತೂಗಿ. ನನ್ನ ಬೆರಳು ಯಾವಾಗ ಎಲ್ಲಿರುತ್ತೆ ಅಂತ ನನಗೇ ಗೊತ್ತಿರಲ್ಲ” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜೀವಂತವಿದ್ದಾಗ ನನ್ನದೇ ಭಾರ. ಮೂಳೆ ಬೇರೆಯಾದ ಮೇಲೆ ಎರಡು ರಾಶಿ ಒಂದೇ ಸಮ ಕಂಡವು. ಮೂಳೆಯ ರಾಶಿ ಮಾತ್ರ ನನ್ನದು ಬೆಟ್ಟ.

ಮೊದಲು ಬಿಳಿಯದು. ಅರ್ಧ ಕಿಲೋದ ಒಂದು ಬಟ್ಟು, ಜೊತೆಗೆ ಚಿಲ್ಲರೆ ಬಟ್ಟುಗಳು. ಒಂಬೈನೂರ ಹತ್ತು ಗ್ರಾಂ. ಆಮೇಲೆ ನನ್ನದು, ಜೋಡಿಯ ಇನ್ನೊಂದು ಬಟ್ಟಿನಲ್ಲಿ. ಮುಳ್ಳು ಆಡಿತು, ಆಡಿತು, ನಿಂತಿತು. ಒಂಬೈನೂರ ಇಪ್ಪತ್ತು.

“ಹತ್ತು ಗ್ರಾಂ” ಅಂದೆ.

ಅಳಿಯಂದಿರು ಮುಳ್ಳಿನ ಕಡೆ ನೋಡಲೇ ಇಲ್ಲ. ನಾನು ಹೇಳಿದ ಮೇಲೆ ನೋಡುವುದೇನೆಂದು ಇರಬೇಕು. “ಚೆನ್ನಾಗಿ ಸಾಕಿದ್ರಿ ಮಾವ” ಅಂದರು. ಅದರ ಅಪ್ಪನ ಕಾಲಿಗೆ ದಿನಾ ಮುಲಾಮು ಹಚ್ಚಿದವರು ಅವರು.

ಮಗಳು ಚಿಕ್ಕಂದಿನಂತೆ ಬಟ್ಟುಗಳನ್ನು ಒರೆಸಿ ಕುಳಿಗೆ ಇಳಿಸತೊಡಗಿದಳು. ಕೊನೆಗೆ ಒಂದು ಅರ್ಧ ಕಿಲೋದ್ದು ಅಂಗೈಯಲ್ಲಿ ನಿಂತಿತು. ಕೈ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ನನ್ನ ಮುಖ ನೋಡಲಿಲ್ಲ. ಕುಳಿಗೆ ಇಳಿಸಿ ಮುಚ್ಚಳ ಹಾಕಿದಳು.

ಹೆಂಡತಿ ಮಾಂಸ ಬೇಯಿಸಿದಳು. ಚೆನ್ನಾಗಿತ್ತು ಅಂದರು. ಯಾವ ತುಂಡು ಯಾವ ತಳಿಯದು ಅಂತ ಯಾರಿಗೂ ಗೊತ್ತಾಗಲಿಲ್ಲ.

ಜುಲೈ ೧೪

ಬೆಳಿಗ್ಗೆ ಎದ್ದು ಬಂದರೆ ಊಟದ ಮೇಜಿನ ಮೇಲೆ ತಕ್ಕಡಿ ನಿಂತಿತ್ತು. ಈ ತಟ್ಟೆಯಲ್ಲೊಂದು ಅರ್ಧ ಕಿಲೋ, ಆ ತಟ್ಟೆಯಲ್ಲೊಂದು ಅರ್ಧ ಕಿಲೋ. ಒಂದು ಕೆಳಗೆ, ಒಂದು ಮೇಲೆ.

ಬೇರೆ ಯಾರೂ ಎದ್ದಿರಲಿಲ್ಲ. ಎತ್ತಿಟ್ಟೆ.

ಜುಲೈ ೨೦

ಹೊರಟರು.

ಮೊಲದಕ್ಕನ ಮನೆಯ ಹಿಂದಿನ ಇಟ್ಟಿಗೆಯ ಕೊಟ್ಟಿಗೆ ಖಾಲಿಯಿದೆಯಂತೆ. ಅವಳಿಗೂ ಕೈಗೆ ಜನ ಬೇಕಂತೆ. ಬಿಳಿ ಜೊತೆಯನ್ನೂ ಉಳಿದ ಮರಿಗಳನ್ನೂ ಬುಟ್ಟಿಯಲ್ಲಿ ಹಾಕಿಕೊಂಡರು. ಒಂದು ಟ್ರಂಕು, ಎರಡು ಚೀಲ. ಬರುವಾಗ ಎಷ್ಟಿತ್ತೋ ಅಷ್ಟೇ.

ಅಳಿಯಂದಿರು ಕಾಲಿಗೆ ನಮಸ್ಕಾರ ಮಾಡಿ ಎದ್ದರು. “ಗೋದಾಮಿಗೆ ಹೋಗ್ತೀನಿ ಅಂತ ಮಾತು ಕೊಟ್ಟಿದ್ದೆ ಮಾವ. ಇವಳು ಬೇಡವೇ ಬೇಡ ಅಂತ ಹಟ ಹಿಡಿದಳು. ಮಾತು ತಪ್ಪಿದೆ. ಬೇಜಾರು ಮಾಡ್ಕೋಬೇಡಿ” ಅಂದರು.

ಮಾತು ತಪ್ಪಿದೆ ಅಂತ ಅವರು ಹೇಳುತ್ತಿದ್ದಾರೆ, ನಾನು ನಿಂತು ಕೇಳುತ್ತಿದ್ದೇನೆ.

“ದೈತ್ಯನ ಎಡಗಾಲಿಗೆ ಮುಲಾಮು ಬಿಡಬೇಡಿ. ಅವನು ಬಲಗಾಲನ್ನೇ ಮುಂದಿಟ್ಟು ತೋರಿಸ್ತಾನೆ, ವಾಸಿಯಾಯ್ತು ಅನ್ಸುತ್ತೆ. ಮೋಸ ಹೋಗ್ಬೇಡಿ” ಅಂತ ಬುಟ್ಟಿ ಹೊತ್ತು ಮುಂದೆ ನಡೆದರು.

ಮಗಳು ಗೇಟಿನ ಹತ್ತಿರ ಹಿಂದೆ ಉಳಿದಳು.

“ಅಪ್ಪ, ಆ ಬಟ್ಟಿಗೆ ಸೀಸ ತುಂಬಿಸಿಬಿಡಿ. ಗೊತ್ತಿಲ್ಲದವರು ಯಾರಾದ್ರೂ ನಂಬಿ ತೂಗಿಬಿಡ್ತಾರೆ.”

“ಅವರಿಗೆ ಹೇಳಿದೆಯಾ?”

“ಇಲ್ಲ. ಸೋತಿದ್ದೀನಿ ಅಂದ್ಕೊಂಡೇ ಹೋಗ್ತಿದ್ದಾರೆ.” ಸೆರಗು ಸರಿಮಾಡಿಕೊಂಡಳು. “ಹೇಳಲ್ಲ. ಅವರು ನಿಮ್ಮ ತಕ್ಕಡಿ ವಿಷಯ ಮೊಲದಕ್ಕನ ಹತ್ರ ಎಷ್ಟು ಹೊಗಳ್ತಾರೆ ಗೊತ್ತಾ? ಅದೊಂದು ಇರಲಿ.”

ಬಸ್ಸು ಬರಲು ಇನ್ನೂ ಹೊತ್ತಿತ್ತು. ನಿಲ್ದಾಣದಲ್ಲಿ ಅಳಿಯಂದಿರು ಬುಟ್ಟಿಗೆ ನೆರಳು ಮಾಡಿ ನಿಂತಿದ್ದರು. ಹೋಗಿ ಒಂದು ಮಾತು ಹೇಳಬಹುದಿತ್ತು. ಹೋದೆ. ಕೂಗಿದರೆ ಕೇಳಿಸುವಷ್ಟು ಹತ್ತಿರ ಹೋದೆ.

“ಬೇಲಿ ಪಕ್ಕ ಹುಲ್ಲು ಈ ವಾರ ಚೆನ್ನಾಗಿದೆ” ಅಂದೆ.

“ಹೌದು ಮಾವ, ಎಳೆಯದಿದೆ” ಅಂದರು.

ಬಸ್ಸು ಬಂತು.

ಜುಲೈ ೨೯

ದೈತ್ಯನ ಬಲಗಾಲು ವಾಸಿ. ಎಡಗಾಲು ಹಾಗೇ ಇದೆ. ಹುಲ್ಲಿಗೆ ಒಬ್ಬನೇ ಹೋಗಿದ್ದೆ. ಮಾತಾಡುತ್ತ ಅರ್ಧ ದಾರಿ ಬಂದಿದ್ದೆ.

ಆಗಸ್ಟ್ ೯

ಪುಸ್ತಕ ಮುಚ್ಚುವ ಮೊದಲು ಯಾರಿಗೆ ಏನು ಬಂತೆಂದು ಬರೆದಿಡುತ್ತೇನೆ.

ಮೊಲದಕ್ಕನಿಗೆ ದುಡಿಯುವ ನಾಲ್ಕು ಕೈ. ಮಾಂಸದಂಗಡಿಯವನಿಗೆ ಎರಡು ಚರ್ಮ. ಹೆಂಡತಿಗೆ ಬಟ್ಟೆ ಒಣಗಿಸಲು ಖಾಲಿ ಮಹಡಿ. ಕೋಣೆಯ ಕಿಟಕಿಗೇ ಹಗ್ಗ ಕಟ್ಟಿದ್ದಾಳೆ. ಗಂಡು ದೈತ್ಯನಿಗೆ ಕೂರಲು ನನ್ನ ಬೋರ್ಡಿನ ಅರ್ಧ. ಮಗಳಿಗೆ ಅವಳದೇ ಬಾಗಿಲು. ಅಳಿಯಂದಿರಿಗೆ ಏಳು ಮರಿಯಲ್ಲಿ ಉಳಿದ ಆರು, ಒಂದು ಸೋಲು.

ನನಗೆ ಹತ್ತು ಗ್ರಾಂ.